ಮೇಹವೆಂದುಕೊಂಡ ಕಾಯಿಲೆ

ನನ್ನ ಗಂಡ ಹೊಗೆಸೊಪ್ಪಿನ ವ್ಯಾಪಾರಿ. ಮನೆ ಹೊಳೆನರಸೀಪುರದಲ್ಲಿ, ಸೊಪ್ಪು ಕೊಳ್ಳಲು ಅರಕಲಗೂಡಿನ ಕಡೆ ಹೋದರೆ ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಯುದ್ಧದ ಕಾಲ. ಒಂದು ಸಲ ಹಿಂದಿರುಗಿದವರು ಉಚ್ಚೆ ಉರಿ ಎಂದರು. ಉಷ್ಣವಿರಬೇಕೆಂದು ಅತ್ತೆ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರು, ನಾನು ಬಾರ್ಲಿ ಗಂಜಿ ಕಾಸಿದೆ. ತಿಂಗಳೊಳಗೆ ಪಂಚೆಯ ಮೇಲೆ ಕೀವು, ರಕ್ತ. ಊರಿನ ಡಾಕ್ಟರು ನೋಡಿ, ಮೇಹ ಎಂದು ಮಾತ್ರೆ ಕೊಟ್ಟರು. ಸೂಳೆಯರ ಸಹವಾಸದಿಂದ ಅಂಟುವ ರೋಗ ಅದೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಅವರ ತಟ್ಟೆ ಲೋಟ ಬೇರೆ ಮಾಡಿದೆ. ಪಂಚೆಯನ್ನು ಕೋಲಿನಲ್ಲೆತ್ತಿ ಕುದಿಯುವ ನೀರಿಗೆ ಹಾಕಿದೆ. ಅತ್ತೆಯ ಪಕ್ಕದಲ್ಲಿ ಮಲಗಿದೆ. ಒಂದು ಬೆಳಗ್ಗೆ ಗಂಡ ಪೂಜೆಗೆ ಕೂತವರು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕರೆದರು.

"ಇದರ ಮೇಲಾಣೆ ಕಣೆ. ಯಾವ ಹೆಂಗಸ್ನೂ ಮುಟ್ಟಿಲ್ಲ ನಾನು."

ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಲಿಂಗ ಹಿಡಿದು ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ. ಆದರೂ, "ಆ ಕೈಲಿ ಲಿಂಗ ಬೇರೆ ಹಿಡ್ಕಂಡಿದೀರಾ," ಎಂದು ಒಳಗೆ ಹೋದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ. ನಾನು ಎದುರು ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು.

ಮಾತ್ರೆ ಮುಗಿದವು, ಮತ್ತೆ ತಂದೆವು. ಕೀವು ನಿಲ್ಲಲಿಲ್ಲ. ತೊಡೆಸಂದಿನಲ್ಲಿ ಗಂಟುಗಳೆದ್ದವು. ಕೊನೆಗೊಂದು ದಿನ ಉಚ್ಚೆ ಪೂರ್ತಿ ಕಟ್ಟಿಕೊಂಡು ಅವರು ಒದ್ದಾಡಿದರು. ರೈಲು ಹತ್ತಿಸಿ ಹಾಸನಕ್ಕೆ ಕರೆದೊಯ್ದೆ.

ಅಲ್ಲಿನ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದರು. "ಇದು ಮೇಹ ಅಲ್ಲಮ್ಮ. ಮೂತ್ರದ ದಾರಿಯೊಳಗೆ ಕ್ಯಾನ್ಸರ್ ಬೆಳೆದಿದೆ. ಬಹಳ ಅಪರೂಪ, ಕೀವು ನೋಡಿ ಯಾರಾದರೂ ಮೋಸ ಹೋಗ್ತಾರೆ. ಗಂಟುಗಳಿಗೂ ಹಬ್ಬಿಬಿಟ್ಟಿದೆ. ಈಗ ಕೊಯ್ದು ಪ್ರಯೋಜನ ಇಲ್ಲ. ಉಚ್ಚೆ ಹೋಗೋದಕ್ಕೆ ಒಂದು ದಾರಿ ಮಾಡಿಕೊಡಬಹುದು, ಅಷ್ಟೆ."

ಒಳಗೆ ಮಲಗಿದ್ದ ಅವರಿಗೂ ಕೇಳಿಸಿತು. ನಮ್ಮಿಬ್ಬರನ್ನೂ ಕೂಗಿ ಕರೆದರು.

"ಇನ್ನೊಂದ್ ಕಿತ ಹೇಳಿ ಸಾ. ಹೆಣ್ಣಿಂದ ಬಂದಿದ್ದಲ್ಲ ಅಂತ, ಇವಳಿಗೆ ಕೇಳಂಗೆ."

ಡಾಕ್ಟರು ಹೇಳಿದರು. ಗಂಡನ ಮುಖ ಗೆಲುವಾಯಿತು. ನನಗೂ ಮೊದಲು ಆದದ್ದು ಸಂತೋಷವೇ. ಅವರು ಉಳಿಯುವುದಿಲ್ಲವೆಂಬುದು ಆಮೇಲೆ ತಲೆಗೆ ಹೋಯಿತು. ಅಳುತ್ತಾ ಅವರ ಕಾಲು ಹಿಡಿಯಲು ಬಗ್ಗಿದೆ. ನನಗೆಲ್ಲಿ ಮೈ ತಗಲುತ್ತದೋ ಎಂದು ಅಷ್ಟು ತಿಂಗಳು ಸರಿದು ಸರಿದು ರೂಢಿಯಾದವರು, ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡರು.