ಎಂಟನೆಯ ಹಾಡಿನಲ್ಲಿ ಓಡಿದ್ದು ಯಾರು

ಜಗಳ ಆದದ್ದು ಗುರುವಾರ ಮಧ್ಯಾಹ್ನ. ನಮ್ಮ ಬ್ಯಾಂಡಿನಲ್ಲಿ ಹಾಡುವವಳು ಬುಧವಾರ ಅನ್ನುತ್ತಾಳೆ. ನಾನು ದನಿ ಎತ್ತಿರಲಿಲ್ಲ ಎಂದು ನನ್ನ ನೆನಪು. ಕಿರುಚಿದೆ ಎಂದು ಅವಳ ನೆನಪು. ವಾರದ ವಿಷಯದಲ್ಲಿ ಅವಳು ತಪ್ಪಿರಬಹುದು. ದನಿಯ ವಿಷಯದಲ್ಲಿ ತಪ್ಪಿದವನು ನಾನು. ಅದಕ್ಕೆ ಸಾಕ್ಷಿ ಇದೆ.

ನಾವು ಮೂವರು. ನಾನು ಗಿಟಾರ್. ಅವಳು ಹಾಡುತ್ತಾಳೆ, ಬೇಸ್ ಗಿಟಾರನ್ನೂ ನುಡಿಸುತ್ತಾಳೆ. ಮೂರನೆಯವನು ಡ್ರಮ್ಮರ್. ಪೋಸ್ಟರುಗಳಲ್ಲಿ ಆಲ್ಟರ್ನೇಟಿವ್ ರಾಕ್ ಎಂದು ಹಾಕಿಕೊಳ್ಳುತ್ತಿದ್ದೆವು. ಹಾಗಂದರೇನು ಎಂದು ಯಾರಾದರೂ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನಾಲ್ಕು ವರ್ಷ ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅಭ್ಯಾಸ ಮಾಡಿ, ಎಂಟು ಹಾಡು ಕೂಡಿಸಿ, ಕೊನೆಗೆ ದಟ್ಟಗಳ್ಳಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಆಲ್ಬಮ್ ಮಾಡಲು ಕೂತೆವು. ಆಷಾಢವನ್ನು ಆರಿಸಿಕೊಂಡದ್ದು ಡ್ರಮ್ಮರಿಗಾಗಿ. ಅವನ ಹೊಟ್ಟೆಪಾಡು ಆರ್ಕೆಸ್ಟ್ರಾ: ಮದುವೆ ಆರತಕ್ಷತೆ, ಗಣೇಶನ ಪೆಂಡಾಲಿನ ರಸಮಂಜರಿ. ಆಷಾಢದಲ್ಲಿ ಮದುವೆಗಳಿಲ್ಲ, ಅವನಿಗೆ ಬಿಡುವು.

“ಹತ್ತು ವರ್ಷದಿಂದ ಬೇರೆಯವ್ರ ಹಾಡು ಬಾರ್ಸಿದೀನಿ ಗುರು,” ಎಂದಿದ್ದ ರೆಕಾರ್ಡಿಂಗಿನ ಮೊದಲ ದಿನ, ಡ್ರಮ್ಮುಗಳನ್ನು ಸ್ಟುಡಿಯೋದ ಮಹಡಿಗೆ ಹೊರುತ್ತಾ. “ಯಾರೋ ಬಾರ್ಸಿರೋದನ್ನ ಹಂಗಂಗೇ ಬಾರ್ಸೋದು. ಇದೊಂದ್ರಲ್ಲಿ ನನ್ ಕೈ ಇರುತ್ತೆ. ನಮ್ಮವ್ವಂಗೂ ಹೇಳ್ಬುಟ್ಟಿದೀನಿ.”

ಸ್ಟುಡಿಯೋ ಅಂದರೆ ಒಂದು ಮನೆಯ ಮೊದಲ ಮಹಡಿ. ಗೋಡೆಗಳಿಗೆ ಹತ್ತಿಯ ಹಾಸಿಗೆ ಬಿಗಿದಿದ್ದರು. ಪಕ್ಕದ ಸೈಟಿನಲ್ಲಿ ಹೊಸ ಮನೆ ಏಳುತ್ತಿತ್ತು. ಟೈಲ್ಸ್ ಕತ್ತರಿಸುವ ಯಂತ್ರ ಶುರುವಾದರೆ ಹಾಸಿಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಕೆಳಗಿಳಿದು ಮೇಸ್ತ್ರಿಗೆ ಟೀ ಕುಡಿಸಿ ಅರ್ಧ ಗಂಟೆ ಬೇಡಿಕೊಳ್ಳುವುದು ಸ್ಟುಡಿಯೋ ಯಜಮಾನರ ಕೆಲಸ. ರೆಕಾರ್ಡಿಂಗ್ ಮಾಡುವವರೂ ಅವರೇ.

ಕೆಲಸದ ಕ್ರಮ ಹೀಗಿತ್ತು. ಮೊದಲು ನಾನೊಬ್ಬನೇ ಹಾಡಿನುದ್ದಕ್ಕೂ ಗಿಟಾರ್ ನುಡಿಸಿ ಒಂದು ಕಚ್ಚಾ ಪ್ರತಿ ಮಾಡಬೇಕು. ಅದಕ್ಕೆ ಗೈಡ್ ಅನ್ನುತ್ತಾರೆ. ಅದನ್ನು ನುಡಿಸುವಾಗ ಹೆಡ್‌ಫೋನಿನಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುವ ಕ್ಲಿಕ್ ಕೇಳುತ್ತಿರುತ್ತದೆ. ಅದಕ್ಕೆ ಸರಿಯಾಗಿ ನುಡಿಸಬೇಕು. ಆಮೇಲೆ ಡ್ರಮ್ಮರ್ ಗೈಡನ್ನೂ ಕ್ಲಿಕ್ಕನ್ನೂ ಕೇಳುತ್ತಾ ಬಾರಿಸುತ್ತಾನೆ. ಡ್ರಮ್ಸ್ ಆದ ಮೇಲೆ ಗೈಡನ್ನು ಎಸೆದು, ನಿಜವಾದ ಗಿಟಾರನ್ನು ಹೊಸದಾಗಿ ನುಡಿಸುವುದು.

ಏಳು ಹಾಡುಗಳಿಗೆ ಡ್ರಮ್ಸ್ ಸಲೀಸಾಗಿ ಮುಗಿಯಿತು. ಎಂಟನೆಯದು ಸಿಕ್ಕಿಹಾಕಿಕೊಂಡಿತು. ಕೊನೆಯ ಭಾಗದಲ್ಲಿ ಹಾಡು ಏರುತ್ತದೆ. ಅಲ್ಲಿಗೆ ಬಂದ ಕೂಡಲೇ ಡ್ರಮ್ಸ್ ಕ್ಲಿಕ್ಕಿಗಿಂತ ಮುಂದೆ ಹೋಗುತ್ತಿತ್ತು. ಪರದೆಯ ಮೇಲೆ ತಾಳದ ಗೆರೆಗಳಿರುತ್ತವೆ. ಅವನ ಪೆಟ್ಟುಗಳು ಆ ಗೆರೆಗಳನ್ನು ದಾಟಿ ಜಾರುವುದು ಕಣ್ಣಿಗೇ ಕಾಣುತ್ತಿತ್ತು. “ಓಡ್ತಿದೆ,” ಅನ್ನುತ್ತಿದ್ದರು ಯಜಮಾನರು. ಮತ್ತೊಂದು ಟೇಕ್. “ಓಡ್ತಿದೆ.” ಹನ್ನೊಂದು ಟೇಕ್ ಆದವು. ಡ್ರಮ್ಮರಿನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಾನು ಕಾರಣ ಹೇಳಿದೆ. ಪೆಂಡಾಲಿನಲ್ಲಿ ಜನ ಕುಣಿಯಲಿ ಎಂದು ವೇಗ ಏರಿಸಿ ಏರಿಸಿ ಅವನ ಕೈ ಕೆಟ್ಟಿದೆ ಎಂದೆ. ಈ ಒಂದು ಹಾಡಿಗೆ ಬೇರೆ ಡ್ರಮ್ಮರನ್ನು ಕರೆಸೋಣ ಎಂದೂ ಅಂದೆ.

“ನಿಂಗೇನ್ ತಲೆ ಕೆಟ್ಟಿದೆಯೇನೋ?” ಅಂದಳು ಹಾಡುವವಳು.

“ಪರದೆ ಮೇಲೆ ಕಾಣ್ತಾ ಇದೆಯಲ್ಲ. ನಾನೇನು ಸುಮ್ಮನೆ ಹೇಳ್ತಿದೀನಾ?”

ಡ್ರಮ್ಮರ್ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡ. “ಕರೆಸ್ಕೊ ಗುರು. ಆದ್ರೆ ಎಂಟನೇದಕ್ಕೆ ಇನ್ನೊಬ್ಬ ಕೂತ ಅಂದ್ರೆ, ಆ ಏಳ್ರಿಂದ್ಲೂ ನನ್ನ ತೆಗ್ದಾಕ್ಬುಡು. ಅರ್ಧ ನಂದು ಅರ್ಧ ಇನ್ಯಾರ್ದೋ ಬ್ಯಾಡ.” ಇಷ್ಟು ಹೇಳಿ ಮೆಟ್ಟಿಲಿಳಿದು ಹೋದ.

ಸಂಜೆಯೇ ನಾನು ಇನ್ನೊಂದು ಬ್ಯಾಂಡಿನ ಹುಡುಗನನ್ನು ಒಪ್ಪಿಸಿದೆ. ಶನಿವಾರ ಬರುತ್ತೇನೆ ಎಂದ. ಅಭ್ಯಾಸಕ್ಕೆಂದು ಗೈಡನ್ನೂ ಕ್ಲಿಕ್ಕನ್ನೂ ಅವನಿಗೆ ಕಳಿಸಿದೆವು.

ಶುಕ್ರವಾರ ಬೆಳಗ್ಗೆ ಅವನ ಫೋನ್ ಬಂತು. “ಸರ್, ಕೊನೇಲಿ ಗೈಡ್ ಕ್ಲಿಕ್ ಬಿಟ್ಟು ಓಡುತ್ತಲ್ಲ, ಬೇಕಂತಲೇ ಮಾಡಿದೀರಾ?”

ಸಾಧ್ಯವೇ ಇಲ್ಲ ಎಂದೆ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವನು ನಾನು. ನೆನಪು ಅನ್ನುವುದು ಫೋಟೋ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಕಥೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅದು ಬೇರೆಯವರ ನೆನಪಿನ ಮಾತು ಎಂದುಕೊಂಡಿದ್ದೆನೋ ಏನೋ. ಬೈಕ್ ಹತ್ತಿ ದಟ್ಟಗಳ್ಳಿಗೆ ಹೋದೆ.

ಯಜಮಾನರು ಗೈಡೊಂದನ್ನೇ ತೆರೆದು ಸ್ಪೀಕರಿಗೆ ಕೊಟ್ಟರು. ಗಿಟಾರಿನ ಹಿಂದೆ ಬಹಳ ಸಣ್ಣಗೆ ಟಿಕ್ ಟಿಕ್ ಕೇಳುತ್ತಿತ್ತು. ನನ್ನ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದ ಕ್ಲಿಕ್. ಹಾಡು ಕೊನೆಯ ಭಾಗಕ್ಕೆ ಬಂತು. ಟಿಕ್ ಟಿಕ್ ನಿಂತುಹೋಯಿತು. ಗಿಟಾರ್ ಮಾತ್ರ ಉಳಿಯಿತು. ಅದು ಓಡುತ್ತಿತ್ತು.

“ಕ್ಲಿಕ್ಕಿನ ಸದ್ದು ಏರಿಸಿಳಿಸೋ ಗುಂಡಿ ತಿರುಗ್ಸಿ ಸೊನ್ನೆ ಮಾಡಿದೀರಿ,” ಎಂದರು ಯಜಮಾನರು. “ಅವತ್ತು ನಾನು ಮೇಸ್ತ್ರಿ ಹತ್ರ ಹೋಗಿದ್ದೆ. ಕ್ಲಿಕ್ ಮೇಲೇ ನುಡ್ಸಿದೀನಿ ಅಂದ್ರಿ, ನಂಬ್ದೆ. ಗೈಡ್ ತಾನೇ, ಯಾರು ನೋಡ್ತಾರೆ.”

ನನಗೆ ಗುಂಡಿ ತಿರುಗಿಸಿದ ನೆನಪಿಲ್ಲ. ಇವತ್ತಿಗೂ ಇಲ್ಲ. ಕೊನೆಯ ಸ್ವರದವರೆಗೂ ಕಿವಿಯಲ್ಲಿ ಕ್ಲಿಕ್ ಬಡಿಯುತ್ತಿದ್ದದ್ದೇ ನನಗೆ ಸ್ಪಷ್ಟವಾಗಿ ನೆನಪಿರುವುದು. ಆದರೆ ಮೈಕಿಗೆ ಹಾಗೆ ಸುಳ್ಳು ಕೇಳಿಸಿಕೊಳ್ಳಲು ಬರುವುದಿಲ್ಲ.

“ನಮ್ಮ ಡ್ರಮ್ಮರ್ ಏನಾದರೂ ಹೇಳಿದ್ನಾ?” ಎಂದು ಕೇಳಿದೆ.

“ಟೇಕ್ ಮುಗಿದ್ಮೇಲೂ ಡ್ರಮ್ಮಿನ ಮೈಕು ಸ್ವಲ್ಪ ಹೊತ್ತು ತೆರೆದಿರುತ್ತೆ. ಮಾತೂ ಬಿದ್ದಿರುತ್ತೆ. ಕೇಳ್ನೋಡಿ.”

ನಾಲ್ಕನೆಯ ಟೇಕಿನ ತುದಿಯಲ್ಲಿ ಡ್ರಮ್ಮರಿನ ದನಿ: “ಸಾ, ಗಿಟಾರ್ ತೆಗ್ದು ಕ್ಲಿಕ್ ಒಂದೇ ಕೊಡ್ತೀರಾ? ಕೊನೇಲಿ ಎರಡೂ ಹೊಂದ್ತಿಲ್ಲ.” ಬಾಗಿಲ ಕಡೆಯಿಂದ ನನ್ನ ದನಿ: “ಗೈಡ್ ಸರಿಯಾಗಿದೆ. ನೀನು ಬಾರಿಸು.” ಒಂಬತ್ತನೆಯದರ ತುದಿಯಲ್ಲಿ ಅವನು ಮತ್ತೆ, ಈ ಸಲ ಮೆಲ್ಲಗೆ: “ಗಿಟಾರ್ ಎಳೀತಿದೆ ಗುರು.” ಅವನ ಮಾತು ಮುಗಿಯುವ ಮೊದಲೇ ನಾನು: “ಎಳೀತಿರೋದು ನಿನ್ನ ಆರ್ಕೆಸ್ಟ್ರಾ ಕಣೋ!” ಆ ದನಿಗೆ ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಪಟ್ಟಿ ಕೆಂಪಾಯಿತು. ಹಾಡುವವಳು ಹೇಳಿದ್ದು ನಿಜ, ಅದು ಕಿರುಚಾಟವೇ.

ಯಜಮಾನರು ಕೆಟ್ಟವರಲ್ಲ, ಅವರಿಗೆ ಕೆಲಸ ಮುಗಿಯಬೇಕಿತ್ತು. “ಹೊಸ ಗೈಡ್ ಹಾಕಿ ಆ ಹುಡುಗನಿಗೆ ಕಳಿಸ್ಬುಡಿ. ಹಳೇದನ್ನ ಅಳಿಸ್ತೀನಿ. ಯಾರಿಗ್ ಗೊತ್ತಾಗುತ್ತೆ?”

ತಕ್ಷಣ ಬೇಡ ಅಂದೆ ಎಂದು ಬರೆಯಲು ಆಸೆ. ನಾನು ಬೇಡ ಅಂದದ್ದು ನನಗೆ ನೆನಪೂ ಇದೆ. ಆದರೆ ಆ ಶುಕ್ರವಾರದ ಫೋಲ್ಡರಿನಲ್ಲಿ ನಲವತ್ತು ಸೆಕೆಂಡಿನ ಗಿಟಾರ್ ಫೈಲೊಂದಿದೆ. ಅಂದರೆ ನುಡಿಸಲು ಕೂತಿದ್ದೆ. ಯಾಕೆ ನಿಲ್ಲಿಸಿದೆ ಎಂದು ಮಾತ್ರ ಯಾವ ಫೈಲಿನಲ್ಲೂ ಇಲ್ಲ.

ಡ್ರಮ್ಮರ್ ಫೋನ್ ಎತ್ತಲಿಲ್ಲ. ಅವನ ಅವ್ವನದು ಚಾಮುಂಡಿ ಬೆಟ್ಟದ ಮೇಲೆ ಹಣ್ಣುಕಾಯಿ ಅಂಗಡಿ. ಆಷಾಢ ಶುಕ್ರವಾರ ಅವನು ಅಲ್ಲೇ ಇರುತ್ತಾನೆ. ಅವತ್ತು ಬೈಕುಗಳನ್ನು ಮೇಲೆ ಬಿಡುತ್ತಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರ ನಡುವೆ ದಾರಿ ಬಿಡಿಸಿಕೊಂಡು ಹತ್ತಿದೆ. ಆ ಹುಡುಗನಿಗೆ ಇನ್ನೂ ಬೇಡ ಎಂದಿರಲಿಲ್ಲ. ಡ್ರಮ್ಮರ್ ಬರುವುದಿಲ್ಲ ಅಂದುಬಿಟ್ಟರೆ ಎಂಬ ಲೆಕ್ಕಾಚಾರ ತಲೆಯಲ್ಲಿ ನಡೆದೇ ಇತ್ತು.

ಅಂಗಡಿಯಲ್ಲಿ ಅವನವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನೇಯೇನಪ್ಪ ಗಿಟಾರಿನವ್ನು? ನಿನ್ನೆಯಿಂದ ನನ್ನ ಮಗ ಬಾಯೇ ಬಿಟ್ಟಿಲ್ಲ. ಅಂಗೇನ್ ಮಾಡ್ಬುಟ್ಟೆ?”

“ತಪ್ಪು ನಂದಮ್ಮ,” ಎಂದೆ. ಹಿಂದೆ ಕೂತು ತೆಂಗಿನಕಾಯಿಯ ನಾರು ಬಿಡಿಸುತ್ತಿದ್ದ ಅವನು ತಲೆ ಎತ್ತಲಿಲ್ಲ. ಶನಿವಾರಕ್ಕೆ ಕರೆದ ಹುಡುಗನ ವಿಷಯ, ಗೈಡಿನ ವಿಷಯ ಎಲ್ಲ ಹೇಳಿದೆ. ಮಧ್ಯೆ ಇಬ್ಬರು ಗಿರಾಕಿಗಳು ಬಂದರು. ಮಾತು ನಿಲ್ಲಿಸಿ, ಅವರು ಹೋದ ಮೇಲೆ ಮುಂದುವರಿಸಿದೆ.

“ಗೊತ್ತು,” ಎಂದ. “ನಾಲ್ಕು ವರ್ಷದಿಂದ್ಲೂ ನೀನು ಆ ಜಾಗದಲ್ಲಿ ಓಡ್ತೀಯ. ನಾನು ಹಿಂದೆ ಓಡ್ಬಂದು ಹಿಡ್ಕೋತೀನಿ.”

“ಮತ್ತೆ ಸ್ಟುಡಿಯೋದಲ್ಲಿ ಗಿಟಾರ್ ಬಿಟ್ಟು ಕ್ಲಿಕ್ ಹಿಡಿಬಹುದಿತ್ತಲ್ಲ?”

“ಎಂಗ್ ಬಿಡ್ಲಿ? ಕಿವೀಲಿ ನೀನಿದ್ರೆ ಕೈ ನಿನ್ ಕಡೆಗೇ ಬರ್ತದೆ.” ಕಾಯಿಯನ್ನು ಬುಟ್ಟಿಗೆ ಹಾಕಿದ. “ಆರ್ಕೆಸ್ಟ್ರಾ ಅಂದ್ಯಲ್ಲ, ಹಾಡೋಳ ಎದುರಿಗೆ. ಈಗ್ಲೂ ಅವಳ ಎದುರಿಗೇ ಹೇಳು. ನಾಳೆ ಏಳ್ಗಂಟೆಗೆ ಬತ್ತೀನಿ. ಕ್ಲಿಕ್ ಒಂದೇ ಇರ್ಲಿ. ಒಂದೇ ಸಲ ಬಾರ್ಸೋದು. ಆಗ್ಲಿಲ್ಲ ಅಂದ್ರೆ ಆ ಹುಡುಗನ್ನೇ ಕೂರ್ಸ್ಕೊ.”

ಬೆಟ್ಟದ ಮೇಲೆ ನಿಂತೇ ಆ ಹುಡುಗನಿಗೆ ಫೋನ್ ಮಾಡಿ, ಬರಬೇಡ ಎಂದೆ.

ಶನಿವಾರ ಬೆಳಗ್ಗೆ ಏಳು ಗಂಟೆಗೆ ಅವಳ ಎದುರಿಗೆ ಹೇಳಿದೆ. ಓಡಿದ್ದು ನನ್ನ ಗಿಟಾರ್, ಅವನು ಎರಡು ಸಲ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವನು ಆಗಲೇ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ.

ಗಿಟಾರಿಲ್ಲ, ಹಾಡಿಲ್ಲ. ಗಾಜಿನಾಚೆ ಅವನೊಬ್ಬನೇ ಇಡೀ ಹಾಡನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಾರಿಸುತ್ತಿದ್ದ. ಎರಡು ಚರಣ ದಾಟಿತು. ಅಷ್ಟರಲ್ಲಿ ಪಕ್ಕದ ಸೈಟಿಗೆ ಟೆಂಪೋ ಬಂದು ನಿಂತಿತು, ಟೈಲ್ಸ್ ಇಳಿಸುವವರಿದ್ದರು. ಅವಳು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು. ಕಿಟಕಿಯಿಂದ ನೋಡಿದರೆ ಡ್ರೈವರಿಗೆ ಕೈ ಮುಗಿದು ನಿಂತಿದ್ದಳು. ಕೊನೆಯ ಭಾಗ ಬಂತು. ನನ್ನ ಬೆರಳುಗಳು ತೊಡೆಯ ಮೇಲೆ ತಾವೇ ನುಡಿಸುತ್ತಿದ್ದವು, ಅವನಿಗಿಂತ ಮುಂದೆ. ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಪರದೆ ನೋಡಿದೆ. ಪೆಟ್ಟುಗಳು ಗೆರೆಯ ಮೇಲೇ ಬೀಳುತ್ತಿದ್ದವು. ಒಂದೆರಡು ಕೂದಲೆಳೆಯಷ್ಟು ಹಿಂದೆ. ಒಂದೂ ಮುಂದೆ ಹೋಗಲಿಲ್ಲ.

ಕೊನೆಯ ಪೆಟ್ಟಿಗೆ ಮೊಳಗಿದ ಕಂಚಿನ ತಟ್ಟೆಯ ಸದ್ದು ಪೂರ್ತಿ ಆರುವವರೆಗೆ ಯಾರೂ ಅಲುಗಾಡಲಿಲ್ಲ.

“ಬಂತಾ ಸಾ?” ಎಂದು ಕೇಳಿದ. ನನ್ನನ್ನಲ್ಲ, ಯಜಮಾನರನ್ನು.

“ಬಂತು.”

ಅವನು ಎದ್ದು ಬಂದು, ನಾನು ಕೂತಿದ್ದ ಕುರ್ಚಿಯ ಪಕ್ಕ ನಿಂತ. “ಏಳು ಗುರು, ಇನ್ನು ನಿಂದು.”

ಗಿಟಾರ್ ತೆಗೆದುಕೊಂಡು ಒಳಗೆ ಹೋದೆ. ಹೆಡ್‌ಫೋನಿನಲ್ಲಿ ಯಜಮಾನರು ಏನು ಕೊಡಲಿ ಎಂದು ಕೇಳಿದರು.

“ಡ್ರಮ್ಸ್ ಒಂದೇ ಸಾಕು,” ಎಂದೆ.

ಯಜಮಾನರ ಮೈಕಿನಲ್ಲೇ ಅವನ ದನಿ ಕೇಳಿಸಿತು. “ಕ್ಲಿಕ್ಕೂ ಹಾಕಿ ಸಾ. ಗುಂಡಿ ಮಾತ್ರ ಅವನ ಕೈಗೆ ಕೊಡ್ಬೇಡಿ.”