ಹರಕೆಯ ಗಡ್ಡ

ಚಳ್ಳಕೆರೆ ಬಸ್ ನಿಲ್ದಾಣದ ಪಕ್ಕದ ಕ್ಷೌರದಂಗಡಿಯಿಂದ ಶೇವಿಂಗ್ ಕ್ರೀಮಿನ ವಾಸನೆ ಬಂತು. ಮೂರು ತಿಂಗಳ ಮಾತ್ರೆಗಳನ್ನು ಚೀಲದಲ್ಲಿಟ್ಟುಕೊಂಡು ದೇವಸಮುದ್ರದ ಬಸ್ಸಿಗೆ ಕಾಯುತ್ತಿದ್ದೆ. ಆ ವಾಸನೆಗೆ ನಿಮಗೆ ಯಾರದೋ ಮದುವೆಯ ಬೆಳಗು ನೆನಪಾಗಬಹುದು. ನನಗೆ ಬ್ಲೇಡು ನೆನಪಾಗುತ್ತದೆ.

ನನಗೆ ಎಚ್‌ಐವಿ ಇದೆ. ಇಷ್ಟು ಚಿಕ್ಕ ವಾಕ್ಯ ಬರೆಯಲು ಆರು ವರ್ಷ ಬೇಕಾಯಿತು. ನಮ್ಮೂರಿಗೆ ಮೊಳಕಾಲ್ಮೂರು ಹತ್ತಿರವಿದ್ದರೂ ಮಾತ್ರೆಗೆ ಚಳ್ಳಕೆರೆಗೇ ಬರುತ್ತೇನೆ, ಇಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ ಎಂಬ ನಂಬಿಕೆಯಲ್ಲಿ. ಆದರೂ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ನನ್ನನ್ನೇ ಕರೆದಂತಾಗುತ್ತದೆ. ಸಾಯುವ ಭಯ ಮೊದಲ ವರ್ಷವೇ ಹೋಯಿತು, ಮಾತ್ರೆ ಅದನ್ನು ಓಡಿಸಿತು. ನಾಲ್ಕು ಜನಕ್ಕೆ ಗೊತ್ತಾಗಿಬಿಡುವ ಭಯಕ್ಕೆ ಮಾತ್ರೆ ಕೊಡುವವರಿಲ್ಲ.

ನಮ್ಮೂರ ಕ್ಷೌರದಂಗಡಿಯ ಓಬಳೇಶ ಶಾಲೆಯಲ್ಲಿ ನನ್ನ ಬೆಂಚಿನವನು. ಆರು ವರ್ಷದ ಹಿಂದೆ ನನ್ನ ಕಾಯಿಲೆ ನನಗೆ ತಿಳಿದ ಮೇಲೆ ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಅವನ ಬ್ಲೇಡು, ನನ್ನ ರಕ್ತ, ನನ್ನ ನಂತರ ಕೂರುವವನ ಗಲ್ಲ, ಹಗಲೆಲ್ಲ ಇದೇ ಯೋಚನೆ. ಆಸ್ಪತ್ರೆಯಲ್ಲಿ ಧೈರ್ಯ ಹೇಳುವ ಮೇಡಂ, "ಹೊಸ ಬ್ಲೇಡ್ ಹಾಕಿದ್ರೆ ಏನೂ ಆಗಲ್ಲ ರೀ" ಎಂದರು. ತಲೆಯಾಡಿಸಿ ಬಂದು ಗಡ್ಡ, ಕೂದಲು ಎರಡನ್ನೂ ಬಿಟ್ಟೆ. ಮನೆಯಲ್ಲೇ ಬೋಳಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ರಕ್ತ ಕಂಡರೆ ಬ್ಲೇಡು ಕೆಳಗಿಟ್ಟುಬಿಡುತ್ತಿದ್ದೆ, ಅದೂ ನನ್ನದೇ ರಕ್ತ.

ಗಡ್ಡ ಎದೆಗಿಳಿದಾಗ ಅವ್ವ ಕೇಳಿದಳು, "ಇದೇನಪ್ಪಾ, ಹರಕೆ ಏನಾರ ಐತಾ?"

"ಹೂಂ" ಎಂದುಬಿಟ್ಟೆ. ಗುಡಿಯ ಕಡೆ ತಲೆ ಹಾಕದ ಮಗ ಹರಕೆ ಹೊತ್ತನೆಂದು ಅವ್ವ ಓಣಿಗೆಲ್ಲ ಸಾರಿದಳು. ದಾರಿಯಲ್ಲಿ ಹಿರಿಯರು ನನಗೇ ಕೈಮುಗಿಯತೊಡಗಿದರು. ಒಬ್ಬ ತಾಯಿ ಜ್ವರದ ಕೂಸಿನ ಹಣೆಗೆ ನನ್ನ ಕೈ ಮುಟ್ಟಿಸಿಕೊಂಡು ಹೋದಳು. ಮುಟ್ಟಿದರೆ ಏನೂ ಆಗದು ಎಂದು ಗೊತ್ತಿದ್ದೂ ಆ ಕೂಸು ಹುಷಾರಾಗುವವರೆಗೆ ನನಗೆ ನೆಮ್ಮದಿಯಿರಲಿಲ್ಲ.

ಹರಕೆ ಎಂದಮೇಲೆ ತೀರಿಸಬೇಕಲ್ಲ. ಸೋಮವಾರ ಮನೆದೇವರ ಮುಂದೆ ಮುಡಿ ಕೊಡುವುದೆಂದು ಅವ್ವ ನೆಂಟರಿಗೆಲ್ಲ ಹೇಳಿದಳು, ಬೋಳಿಸಲು ಬಾ ಎಂದು ಓಬಳೇಶನಿಗೂ ಹೇಳಿ ಬಂದಳು. ಯಾವ ಕತ್ತಿಯಿಂದ ತಪ್ಪಿಸಿಕೊಳ್ಳಲು ಗಡ್ಡ ಬಿಟ್ಟಿದ್ದೆನೋ, ಊರೆದುರು ಅದರ ಕೆಳಗೇ ಕೂರುವ ಹಾಗಾಯಿತು. ನೋಡಿ ನನ್ನ ಬುದ್ಧಿವಂತಿಕೆ! ಮೂರು ದಿನ ಅನ್ನ ಇಳಿಯಲಿಲ್ಲ. ಹೇಳದಿದ್ದರೆ ಅವನಿಗೆ ಮೋಸ, ಹೇಳಿದರೆ ಅವನದು ಊರೆಲ್ಲ ಬಂದು ಕೂರುವ ಅಂಗಡಿ.

ಸೋಮವಾರ ಬೆಳಿಗ್ಗೆ ಅವನ ಅಂಗಡಿಗೆ ಹೋಗಿ ಹೇಳಿಬಿಟ್ಟೆ. ಓಬಳೇಶ ಎದ್ದು ಶಟರ್ ಅರ್ಧ ಎಳೆದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಕೈ ತೊಳೆದ, ಒರೆಸಿಕೊಂಡ, ಮತ್ತೆ ತೊಳೆದ.

"ಎಲ್ರಿಗೂ ಹೊಸ ಬ್ಲೇಡೇ ಹಾಕೋದು ಕಣಲೇ, ನಿಂಗೂ ಅಷ್ಟೇ" ಎಂದ. ಟವೆಲು ಕೊಡವುತ್ತಾ, "ಆದ್ರೆ ನಂಗೆ ಭಯ ಆಗ್ತೈತೆ. ಸುಳ್ಳು ಯಾಕೆ ಹೇಳ್ಲಿ?"

"ನಂಗೂ ಭಯನೇ" ಎಂದೆ.

"ಆ ಮೇಡಂ ನಂಬರ್ ಕೊಡು."

ಕೈಗೆ ಗಾಯವಿದ್ದರೆ ಏನು, ಟವೆಲು ಹೇಗೆ ಒಗೆಯಬೇಕು ಎಂದೆಲ್ಲ ಅವನೇ ಫೋನಿನಲ್ಲಿ ವಿಚಾರಿಸಿದ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು, "ಪದರಾ, ಅವ್ವ ಕಾಯ್ತಿರ್ತಾಳೆ, ನಡಿ" ಎಂದ. ಮನಸ್ಸು ಕಲಕಿದಾಗ ನಮ್ಮ ಕಡೆಯವರ ಬಾಯಲ್ಲಿ ತೆಲುಗು ಬರುತ್ತದೆ. ಗುಡಿಯ ಮುಂದೆ ಅವನ ಕೈ ನಡುಗುತ್ತಿದ್ದುದು ನನ್ನ ಗಲ್ಲಕ್ಕೆ ಮಾತ್ರ ಗೊತ್ತು. ನನ್ನ ಕಣ್ಣಲ್ಲಿ ನೀರು ಕಂಡು ನೆಂಟರು ಭಕ್ತಿ ಎಂದುಕೊಂಡರು. ಕಾಯಿಲೆ ತಿಳಿದ ಮೇಲೆ ಮೊದಲ ಸಲ ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ದೇವಸಮುದ್ರದ ಬಸ್ಸು ಬಂತು. ಕೂತಿದ್ದೇ ತಡ ಓಬಳೇಶನ ಫೋನು. "ರಿಪೋರ್ಟ್ ಏನಂದ್ರಲೇ? ಅಂಗಡ್ಯಾಗೆ ಯಾರೂ ಇಲ್ಲ, ಹೇಳು."

ಅವನ ಅಂಗಡಿಯಲ್ಲಿ ಯಾರೂ ಇಲ್ಲ ಸರಿ, ನನ್ನ ಪಕ್ಕದಲ್ಲಿ ಶೇಂಗಾ ಚೀಲ ತೊಡೆಯ ಮೇಲಿಟ್ಟುಕೊಂಡ ಹೆಂಗಸಿದ್ದಳು. ಬೇರೆ ದಿನವಾಗಿದ್ದರೆ ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಡುತ್ತಿದ್ದೆ.

"ವೈರಸ್ ಪರೀಕ್ಷೇಲಿ ಕಾಣದಷ್ಟು ಕಡಿಮೆ ಆಗೈತಂತೆ. ಎಚ್‌ಐವಿ ಮಾತ್ರೆ ಮಾತ್ರ ಬಿಡಬ್ಯಾಡ ಅಂದ್ರು."

ಹೆಂಗಸು ತಿರುಗಿ ನೋಡಿದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಫೋನನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.