ಅಕ್ಕನ ಹೊಟ್ಟೆಯ ಕೊಕ್ಕೆಹುಳು

ನನ್ನ ಅಕ್ಕನಿಗೆ ಇಪ್ಪತ್ತಾರು ತುಂಬುವ ಹೊತ್ತಿಗೆ ಅವಳ ಗಂಡನ ಮನೆಯವರೆಲ್ಲ ಅವಳು ಸೋಮಾರಿ ಎಂದು ತೀರ್ಮಾನಿಸಿಬಿಟ್ಟಿದ್ದರು. ಅವಳನ್ನು ಕೊಟ್ಟಿದ್ದು ಬಂಗಾರಪೇಟೆಯಿಂದ ಒಂದು ಗಂಟೆ ನಡೆದರೆ ಸಿಗುವ ಹಳ್ಳಿಗೆ. ಕೆರೆಯ ಕೆಳಗೆ ಗದ್ದೆ, ಅದರ ಪಕ್ಕದಲ್ಲೇ ಸೊಪ್ಪು ತರಕಾರಿಯ ತೋಟ. ಮದುವೆಯಾದ ಹೊಸದರಲ್ಲಿ ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಹೊತ್ತು ಏರಿ ಹತ್ತುತ್ತಿದ್ದವಳು, ಆರೇ ವರ್ಷದಲ್ಲಿ ಒಂದು ಕೊಡ ಹೊತ್ತು ಮೂರು ಕಡೆ ಇಳಿಸುವಂತಾಗಿದ್ದಳು. ಎರಡು ಸಲ ಬಸಿರು ನಿಂತಿರಲಿಲ್ಲ. ಅದಕ್ಕೂ ಅವಳ ಸೋಮಾರಿತನಕ್ಕೂ ಏನೋ ಸಂಬಂಧ ಇದೆ ಎಂದು ಅವಳ ಅತ್ತೆ ಹೇಳುತ್ತಿದ್ದರು.

ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇತ್ತು. ನನ್ನ ಗಂಡ ನಂದಿದುರ್ಗ ಚಿನ್ನದ ಗಣಿಯ ಒಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರು. ನಾವು ಗಣಿ ಕೆಲಸಗಾರರ ಲೈನಿನಲ್ಲಿ, ಮಣ್ಣು ಮೆತ್ತಿದ ಒಂದು ತಟ್ಟಿ ಮನೆಯಲ್ಲಿದ್ದೆವು. ಬೇಸಗೆಯಲ್ಲಿ, ನಾಲ್ಕು ದಿನ ತಂಗಿಯ ಮನೆಯಲ್ಲಿ ಇದ್ದು ಬರಲಿ ಎಂದು ಅಕ್ಕನನ್ನು ನಮ್ಮಲ್ಲಿಗೆ ಕಳಿಸಿದರು. ಸ್ಟೇಷನ್ನಿನಿಂದ ನಮ್ಮ ಲೈನಿಗೆ ನಡೆಯುವಷ್ಟರಲ್ಲಿ ಅವಳು ಮೂರು ಸಲ ಕುಳಿತಳು. ಮನೆಯ ಬಾಗಿಲ ಬೆಳಕಿನಲ್ಲಿ ಸರಿಯಾಗಿ ನೋಡಿದೆ. ತುಟಿ, ಉಗುರು, ನಾಲಿಗೆ ಎಲ್ಲ ಬಿಳಚಿಕೊಂಡಿದ್ದವು. ಪಾದ ಊದಿತ್ತು. ಬೆರಳಿನಲ್ಲಿ ಒತ್ತಿದರೆ ಬಿದ್ದ ಕುಳಿ ಹಾಗೇ ನಿಲ್ಲುತ್ತಿತ್ತು. ಬಲಗೈಯ ಮಣಿಕಟ್ಟಿನ ಮೇಲೆ ಎರಡು ಬರೆಯ ಗುರುತು.

ಕಾಮಾಲೆ ಎಂದು ಹೇಳಿ ಬರೆ ಹಾಕಿಸಿದ್ದರಂತೆ. ಎರಡು ತಿಂಗಳು ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ. ಕಾಮಾಲೆಯಾದರೆ ಕಣ್ಣು ಹಳದಿಯಾಗಬೇಕು. ಇವಳ ಕಣ್ಣು ಕಾಗದದ ಹಾಗೆ ಬೆಳ್ಳಗಿತ್ತು. ಇಷ್ಟನ್ನು ನೋಡಲು ಯಾವ ಪಂಡಿತನೂ ಬೇಕಿರಲಿಲ್ಲ. ನನಗೆ ಆವತ್ತು ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

ನಲ್ಲಿಯ ಹತ್ತಿರ ನೀರಿಗೆ ನಿಂತ ಹೆಂಗಸರು ಅವಳನ್ನು ನೋಡಿ ತಲೆಗೊಂದು ಸಲಹೆ ಕೊಟ್ಟರು. ಒಬ್ಬಳು ಬೀಟ್‌ರೂಟ್ ತಿನ್ನಿಸು ಎಂದಳು, ಅದು ಕೆಂಪಗಿದೆಯಲ್ಲ, ರಕ್ತವಾಗುತ್ತದೆ ಎಂದು. ಇನ್ನೊಬ್ಬಳು ಬೆಳಗಿನ ಹೊತ್ತು ಎಳೆ ಕಳ್ಳು ಕುಡಿಸು ಎಂದು ತಮಿಳಿನಲ್ಲಿ ಹೇಳಿದಳು. ಮತ್ತೊಬ್ಬಳಿಗೆ ತಾಯತ ಕಟ್ಟುವವನು ಗೊತ್ತಿದ್ದ. ಮೂಲೆಯ ಮನೆಯ ಮುದುಕಿ ಮಾತ್ರ ಮಾಂಸದಂಗಡಿಯಿಂದ ಮೇಕೆಯ ಈಲಿ ತಂದು ಬೇಯಿಸಿ ಕೊಡು ಎಂದಳು. ಅಷ್ಟು ಮಾತಿನಲ್ಲಿ ಉಪಯೋಗಕ್ಕೆ ಬರುವಂಥದ್ದು ಅದೊಂದೇ ಎಂದು ಆಮೇಲೆ ತಿಳಿಯಿತು. ಆದರೆ ಎಲ್ಲರೂ ಒಂದೇ ಧೈರ್ಯದಿಂದ ಹೇಳುತ್ತಿದ್ದರು. ಯಾವುದನ್ನು ನಂಬುವುದು?

ಮೂರನೆಯ ದಿನ ಅಕ್ಕ ಒಲೆಯ ಹಿಂದಿನ ಗೋಡೆಯಿಂದ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ಕಂಡೆ. ಆಗ ನನಗೆ ಗಣಿಯ ದವಾಖಾನೆಯ ಕಾಂಪೌಂಡರ್ ಹೇಳುತ್ತಿದ್ದ ಮಾತು ನೆನಪಾಯಿತು. ಆತ ಆಗಾಗ ಲೈನಿಗೆ ಬಂದು, ಎಲ್ಲೆಂದರಲ್ಲಿ ಕೂರಬೇಡಿ, ಕಕ್ಕಸಿಗೇ ಹೋಗಿ, ಇಲ್ಲದಿದ್ದರೆ ಹೊಟ್ಟೆಯಲ್ಲಿ ರಕ್ತ ಕುಡಿಯುವ ಹುಳು ಸೇರಿಕೊಳ್ಳುತ್ತದೆ, ಆಮೇಲೆ ಮಣ್ಣು ತಿನ್ನುವ ಆಸೆಯಾಗುತ್ತದೆ ಎಂದು ಸಾರುತ್ತಿದ್ದ. ಗಣಿಯೊಳಗೆ ಇಳಿಯುವ ಗಂಡಸರು ಡಬ್ಬಿಯಲ್ಲಿ ಮಲ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ನನ್ನ ಗಂಡ ಕೂಡ ಬೈದುಕೊಂಡು ಕೊಟ್ಟು ಬಂದಿದ್ದರು.

ಅಕ್ಕನನ್ನು ಕರೆದುಕೊಂಡು ಹೋದೆ. ಕಾಂಪೌಂಡರ್ ಅವಳ ಕೆಳರೆಪ್ಪೆ ಎಳೆದು ನೋಡಿದ. ಮೈಯಲ್ಲಿ ಅರ್ಧ ರಕ್ತವೂ ಉಳಿದಿಲ್ಲ ಎಂದ. ಕೆಲಸಗಾರನ ಹೆಂಡತಿ ಮಕ್ಕಳಿಗೆ ಅಲ್ಲಿ ಔಷಧಿ ಉಂಟು, ಹೆಂಡತಿಯ ಅಕ್ಕನಿಗೆ ಇಲ್ಲ. ಅದು ತನ್ನ ಕೈಯಲ್ಲಿ ಇಲ್ಲವೆಂದು ಬೇಜಾರಿನಿಂದಲೇ ಹೇಳಿ, ಬಂಗಾರಪೇಟೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡಿರುವ ಒಬ್ಬ ಡಾಕ್ಟರರ ಗುರುತು ಹೇಳಿದ. ಮುಚ್ಚಳದ ಪುಟ್ಟ ಡಬ್ಬಿಯೊಂದನ್ನು ಕೊಟ್ಟು, ಒಂದು ಕಡಲೆಕಾಯಿಯಷ್ಟಿದ್ದರೆ ಸಾಕು, ನೀರು ಸೇರಬಾರದು, ಮಣ್ಣು ಸೇರಬಾರದು, ಬೆಳಿಗ್ಗೆ ತೆಗೆದದ್ದನ್ನು ಆವತ್ತೇ ಕೊಡಬೇಕು ಎಂದು ಎರಡು ಸಲ ಹೇಳಿದ.

ಸಮಸ್ಯೆ ಶುರುವಾಗಿದ್ದೇ ಆ ಡಬ್ಬಿಯಿಂದ. ಅಕ್ಕ ಅದನ್ನು ಕೈಯಿಂದ ಮುಟ್ಟಲೂ ಒಪ್ಪಲಿಲ್ಲ. ಎರಡು ದಿನ ಹೇಳಿ, ಗದರಿ, ಕೊನೆಗೆ ನಾನೇ ಅತ್ತ ಮೇಲೆ ಸರಿ ಎಂದಳು. ಮರುದಿನ ಬೆಳಿಗ್ಗೆ ಅವಳು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ಇಳಿದಾಗ ಸೊಂಟದಲ್ಲಿ ಏನೂ ಇರಲಿಲ್ಲ. ಎದುರಿಗೆ ಕೂತಿದ್ದ ಗಂಡಸು ತನ್ನನ್ನೇ ನೋಡುತ್ತಿದ್ದ, ವಾಸನೆ ಬಂದಿರಬೇಕು ಅನ್ನಿಸಿ ಕಿಟಕಿಯಿಂದ ಎಸೆದೆ ಎಂದಳು. ಆ ಉರಿಬಿಸಿಲಿನಲ್ಲಿ, ಮುಂದಿನ ರೈಲು ಬರುವ ತನಕ ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು.

ಕಾಂಪೌಂಡರನ ಹತ್ತಿರ ಇನ್ನೊಂದು ಡಬ್ಬಿ ಬೇಡಿ ತಂದೆ. ಈ ಸಲ ಅದನ್ನು ನಾನೇ ಹಿಡಿದುಕೊಂಡೆ. ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಗಾಜಿನ ಮೇಲೆ ಚೂರು ಸವರಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಅಮ್ಮಾ, ಈ ಹಸುವಿಗೆ ಯಾವ ಕಾಯಿಲೆಯೂ ಇಲ್ಲ. ಚೆನ್ನಾಗಿ ಹುಲ್ಲು ತಿಂದಿದೆ."

ನೆಲ ಸಾರಿಸಲು ತಂದಿಟ್ಟಿದ್ದ ಸಗಣಿಯನ್ನು ಅಕ್ಕ ಡಬ್ಬಿಗೆ ತುಂಬಿದ್ದಳು. ಹೊರಗೆ ಹೊಂಗೆಮರದ ಕೆಳಗೆ ಬಂದ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಸಾಯುವ ಆಸೆ ಇದ್ದರೆ ನನ್ನ ಮನೆಗೇಕೆ ಬಂದೆ ಎಂದೂ ಕೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ನನ್ನ ಮಾತು ಮುಗಿದ ಮೇಲೆ ಹೇಳಿದಳು:

"ವಟ್ಟೇಲಿ ಉಳ ಐತೆ ಅಂತ ಅವ್ರು ಬರ್ದುಕೊಟ್ರೆ ನಮ್ಮತ್ತೆ ಏನಂತಾರೆ ಗೊತ್ತೇನೆ? ಸೋಮಾರಿ ಅಂದ್ರೆ ಮನೇಲಿ ಇಟ್ಕೊಂತಾರೆ. ರೋಗದೋಳು ಅಂದ್ರೆ ಇನ್ನೊಂದು ಎಣ್ಣು ತರ್ತಾರೆ."

ಅತ್ತೆ ಆಗಲೇ ಎಲ್ಲಿಯೋ ಹೆಣ್ಣು ನೋಡಿ ಬಂದಿದ್ದರಂತೆ. ಅದನ್ನು ಅವಳು ನಮ್ಮ ಅಮ್ಮನಿಗೂ ಹೇಳಿರಲಿಲ್ಲ. ಒಳಗೆ ಹೋಗಿ ಡಾಕ್ಟರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಕ್ಕನನ್ನು ಕರೆದು, ತಾವು ಯಾರಿಗೂ ಏನನ್ನೂ ಬರೆದು ಕೊಡುವುದಿಲ್ಲ, ಈ ಹುಳು ಆ ಕೆರೆಯ ಕೆಳಗಿನ ಅರ್ಧ ಊರಿಗೆ ಇರುತ್ತದೆ, ಇದು ವಾಸಿಯಾಗುವ ಕಾಯಿಲೆ ಎಂದರು.

ಮರುದಿನ ಅವಳು ನಿಜವಾದದ್ದನ್ನು ಕೊಟ್ಟಳು. ಡಾಕ್ಟರು ನಮ್ಮಿಬ್ಬರಿಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗಾಜಿನಂಥ ತೆಳ್ಳಗಿನ ಸಿಪ್ಪೆ, ಅದರೊಳಗೆ ಒತ್ತಿಟ್ಟಂತೆ ನಾಲ್ಕು ಉಂಡೆ. ಅದು ಕೊಕ್ಕೆಹುಳುವಿನ ಮೊಟ್ಟೆ. ಮಲದ ಜೊತೆ ಒದ್ದೆ ಮಣ್ಣಿಗೆ ಬಿದ್ದು ಮರಿಯಾಗುತ್ತದೆ, ಬರಿಗಾಲಿನ ಚರ್ಮ ಕೊರೆದು ಒಳಗೆ ಸೇರಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ ಎಂದರು. ಕಾಲ್ಬೆರಳ ಸಂದಿನಲ್ಲಿ ತುರಿಕೆ ಬರುತ್ತಿತ್ತೇ ಎಂದು ಕೇಳಿದರು. ಪ್ರತಿ ಮಳೆಗಾಲ ಬರುತ್ತಿತ್ತು. ನಾವು ಅದನ್ನು ಕೆಸರುಹುಣ್ಣು ಎಂದು ಅರಿಶಿನ ಹಚ್ಚಿ ಬಿಡುತ್ತಿದ್ದೆವು. ಅಕ್ಕ ತನ್ನ ಪಾದವನ್ನೇ ನೋಡುತ್ತ ಕೂತಳು.

ಮುಟ್ಟು ಯಾವಾಗ ಆಯಿತು, ಬಸಿರೇನಾದರೂ ಇದೆಯೇ ಎಂದು ಖಚಿತಮಾಡಿಕೊಂಡ ಮೇಲೆಯೇ ಅವರು ಔಷಧಿ ಕೊಟ್ಟಿದ್ದು. ಹಿಂದಿನ ದಿನ ಬರೀ ತೆಳು ಗಂಜಿ. ಬೆಳಿಗ್ಗೆ ಬರಿಹೊಟ್ಟೆಗೆ ಗುಳಿಗೆ, ಎರಡು ಗಂಟೆ ಬಿಟ್ಟು ಭೇದಿ ಉಪ್ಪು. ಎಣ್ಣೆ, ತುಪ್ಪ, ಕಳ್ಳು ಸೋಕಿಸಲೇಬಾರದು, ಹರಳೆಣ್ಣೆ ಕುಡಿಸಿದರೆ ಗುಳಿಗೆಯೇ ವಿಷವಾಗಬಹುದು ಎಂದು ಎಚ್ಚರಿಸಿದರು. ನಮ್ಮ ಕಡೆ ಭೇದಿಗೆ ಎಂದರೆ ಹರಳೆಣ್ಣೆಯೇ. ಅದಕ್ಕೇ ಅಕ್ಕನನ್ನು ಊರಿಗೆ ಕಳಿಸದೆ ನನ್ನ ಮನೆಯಲ್ಲೇ ಮಲಗಿಸಿಕೊಂಡು ಗುಳಿಗೆ ನುಂಗಿಸಿದೆ. ತಲೆ ತಿರುಗಿ, ವಾಂತಿ ಬಂದು, ಸಂಜೆಗೆ ಸುಧಾರಿಸಿಕೊಂಡಳು. ಎರಡು ವಾರದ ಮೇಲೆ ಇನ್ನೊಂದು ಸಲ ಪರೀಕ್ಷೆ, ಇನ್ನೊಂದು ಸಲ ಗುಳಿಗೆ. ಆಮೇಲೆ ಮೂರು ತಿಂಗಳು ಊಟವಾದ ಮೇಲೆ ಕಬ್ಬಿಣದ ಔಷಧಿ. ಕುಡಿದು ಬಾಯಿ ಮುಕ್ಕಳಿಸಬೇಕು, ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡಿ ಎಂದಿದ್ದರು. ತಿಂಗಳೊಳಗೆ ಅವಳ ತುಟಿಗೆ ಬಣ್ಣ ಬಂತು. ನಲ್ಲಿಯಿಂದ ತುಂಬಿದ ಕೊಡ ಎತ್ತಿಕೊಂಡು ನಿಲ್ಲದೆ ಮನೆಯವರೆಗೂ ಬಂದಳು.

ಔಷಧಿಯ ಸೀಸೆಗಳನ್ನು ಬುಟ್ಟಿಯಲ್ಲಿಟ್ಟು ಅವಳನ್ನು ಊರಿಗೆ ಬಿಟ್ಟು ಬಂದೆ. ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತಲೇ ಕೇಳಿಸಿಕೊಂಡಿದ್ದರು. ಮೂರು ವಾರಕ್ಕೆ ಸುದ್ದಿ ಬಂತು: ಸೊಸೆಯ ಮಲ ಕರ್ರಗಾದದ್ದು ತಿಳಿದು, ಕರುಳು ಸುಟ್ಟುಹೋಗುತ್ತಿದೆ ಎಂದು ಸೀಸೆಗಳನ್ನೆಲ್ಲ ತಿಪ್ಪೆಗೆ ಸುರಿಸಿದ್ದರು. ಅಕ್ಕನೂ ಬಾಯಿ ಬಿಟ್ಟಿರಲಿಲ್ಲ. ಮಳೆ ಬಂತು, ನಾಟಿ ಬಂತು. ಬೆಳಿಗ್ಗೆ ಊರಿನ ಹೆಂಗಸರೆಲ್ಲ ಹೋಗುತ್ತಿದ್ದ ತೋಟದಂಚಿನ ಬದುವಿಗೇ ಅವಳೂ ಹೋದಳು, ಅದೇ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಸೊಪ್ಪು ಕಿತ್ತಳು. ವರ್ಷ ತಿರುಗುವುದರೊಳಗೆ ಮತ್ತೆ ಅದೇ ಬಿಳಿಚು ಮುಖ, ಅದೇ ಏದುಸಿರು.

ಈ ಸಲ ನಾನೇ ಅವರ ಮನೆಗೆ ಹೋದೆ. ಭಾವ ಜಗುಲಿಯ ಮೇಲಿದ್ದರು, ಅತ್ತೆ ಬಾಗಿಲಿಗೊರಗಿ ಕೂತಿದ್ದರು. ಹಿತ್ತಿಲಲ್ಲಿ ಆಳವಾದ ಗುಂಡಿ ತೋಡಿ ಮರೆ ಕಟ್ಟಿ, ಮನೆಯವರೆಲ್ಲ ಅಲ್ಲಿಗೇ ಹೋಗಿ, ಎಲ್ಲರೂ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೇಳಿದೆ. ಅತ್ತೆಯ ಪಾದವೂ ಊದಿತ್ತು. ಅದನ್ನೂ ತೋರಿಸಿ ಹೇಳಿದೆ.

"ವಯಸ್ಸಾದ್ರೆ ಕಾಲು ಊದ್ಕೊಂತದೆ," ಎಂದರು ಅವರು. "ಉಂಬೋ ಮನೆ ಇಂದೇನೇ ಓಗಿ ಕೂತ್ಕೊಳ್ಳೋಕೆ ನಾವೇನು ಲೈನಿನೋರಾ?"

ಭಾವ ಕೊನೆಯ ತನಕ ನೆಲ ನೋಡುತ್ತ ಕೂತಿದ್ದರು. ಒಳ್ಳೆಯವರು. ಹೆಂಡತಿಯನ್ನು ಹೊಡೆದವರಲ್ಲ, ಇನ್ನೊಂದು ಮದುವೆಗೂ ಒಪ್ಪಿರಲಿಲ್ಲ. ಆದರೆ ತಾಯಿಯ ಎದುರು ಒಂದು ಗುಂಡಿ ತೋಡುತ್ತೇನೆ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಆ ಮೌನ ನನ್ನನ್ನು ಅತ್ತೆಯ ಮಾತಿಗಿಂತ ಹೆಚ್ಚು ಕೆರಳಿಸಿತು.

ಅಕ್ಕನಿಗೆಂದು ನಾನು ಒಂದು ಜೊತೆ ಎಕ್ಕಡ ಕೊಂಡೊಯ್ದಿದ್ದೆ. ಅವಳು ಅದನ್ನು ಮೆಟ್ಟಿ ನನ್ನ ಜೊತೆ ತೋಟದ ತನಕ ಬಂದಳು. ಪಾತಿಯೊಳಗೆ ಎರಡು ಹೆಜ್ಜೆ ಇಡುವುದರೊಳಗೆ ಎಕ್ಕಡ ಕೆಸರಲ್ಲಿ ಹೂತು, ಪಾದ ಮಾತ್ರ ಮೇಲೆ ಬಂತು. ಬಗ್ಗಿ ಅದನ್ನು ಕಿತ್ತು ತೊಳೆದು ಬದುವಿನ ಮೇಲೆ ಇಟ್ಟಳು.

"ಬುದ್ದಿ ಏಳೋರು ಯಾರೂ ಕೆಸರಾಗೆ ಇಳ್ದಿಲ್ಲ ಕಣೇ, ನೀನೂನೂವೆ."

ಆ ಒಂದು ಕ್ಷಣ ನಾನೂ ನಲ್ಲಿಯ ಹತ್ತಿರ ಬೀಟ್‌ರೂಟ್ ಹೇಳಿದವಳ ಸಾಲಿನಲ್ಲೇ ನಿಂತಿದ್ದೆ. ಹಾಗೆಂದು ಸಿಟ್ಟು ಇಳಿಯಲಿಲ್ಲ. ಕೆಸರಲ್ಲಿ ಎಕ್ಕಡ ನಿಲ್ಲದಿದ್ದರೆ ಬೇಡ, ಗುಂಡಿಯನ್ನಾದರೂ ತೋಡಬಹುದಲ್ಲ ಎಂದೆ. ಅವಳು ಬರಿಗಾಲಲ್ಲೇ ಪಾತಿಗೆ ಇಳಿದು ಸೊಪ್ಪು ಕೀಳತೊಡಗಿದಳು.

ಮತ್ತೆ ನನ್ನ ಮನೆಗೆ ಬಂದಿದ್ದು ಎರಡನೆಯ ಸಲ ಚಿಕಿತ್ಸೆ ಮುಗಿಸಿಕೊಂಡು ಹೋದವಳು, ಸ್ವಲ್ಪ ಶಕ್ತಿ ಬಂದ ಕೂಡಲೇ, ಮನೆಯವರು ಹೊಲಕ್ಕೆ ಹೋದ ಹೊತ್ತಿನಲ್ಲಿ ದನದ ಕೊಟ್ಟಿಗೆಯ ಹಿಂದೆ ಗುದ್ದಲಿ ಹಿಡಿದು ದಿನಕ್ಕಿಷ್ಟು ಎಂದು ತಾನೇ ತೋಡಿದಳು. ಎದೆಮಟ್ಟ ಆಳವಾಗುವ ತನಕ ಅದು ಗೊಬ್ಬರದ ಗುಂಡಿ ಎಂದು ಸುಳ್ಳು ಹೇಳಿದಳಂತೆ. ಆಮೇಲೆ ಭಾವ ಯಾರಿಗೂ ಏನೂ ಹೇಳದೆ ಅದರ ಸುತ್ತ ತೆಂಗಿನ ಗರಿಯ ಮರೆ ಕಟ್ಟಿದರು. ಔಷಧಿಯ ಸೀಸೆಯನ್ನು ಅವಳು ಹುರುಳಿಯ ಗುಡಾಣದಲ್ಲಿ ಹೂತಿಟ್ಟು ಮೂರು ತಿಂಗಳು ಪೂರ್ತಿ ಕುಡಿದಳು. ಮುಂದಿನ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು, ಉಳಿಯಿತು.

ಅತ್ತೆ ಮಾತ್ರ ಬದುವಿಗೇ ಹೋಗುತ್ತಿದ್ದರು. ಒಂದು ಸಲವೂ ಡಬ್ಬಿ ಮುಟ್ಟಲಿಲ್ಲ. ಎರಡು ವರ್ಷದ ಮೇಲೆ ಮೈಯೆಲ್ಲ ಊದಿ, ನಾಲ್ಕು ಹೆಜ್ಜೆಗೆ ಉಬ್ಬಸ ಬಂದು, ಮಲಗಿದಲ್ಲೇ ಹೋದರು. ಅದು ಹುಳುವಿನಿಂದಲೋ ಬೇರೆಯದರಿಂದಲೋ ಯಾರೂ ನೋಡಲಿಲ್ಲ. ತಿಥಿಗೆ ಹೋದಾಗ, ವಯಸ್ಸಾಗಿತ್ತು ಎಂದು ಬಂದವರೆಲ್ಲ ಹೇಳುತ್ತಿದ್ದರು. ಅವರಿಗೆ ಐವತ್ತು ಕೂಡ ದಾಟಿರಲಿಲ್ಲ. ನಾನು ಅದನ್ನು ಗಟ್ಟಿಯಾಗಿಯೇ ಹೇಳಿದೆ. ಅಕ್ಕ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಅಡಿಗೆಗೆ ಹೋದಳು.